ಎಳೆದು ಹೇಳಿದರೆ ಚೀಸು

ನನ್ನ ತಂಗಿ ಲುಡ್ವಿನಾಗೆ ಶುಕ್ರವಾರ ಬಂತೆಂದರೆ ಕಿವಿ ಕೇಳಿಸುತ್ತಿರಲಿಲ್ಲ. ಬೇರೆ ದಿನ ಪಕ್ಕದ ಮನೆಯ ಗಂಡ ಹೆಂಡಿರ ಪಿಸುಮಾತನ್ನೂ ಬಿಡದೆ ಕೇಳಿಸಿಕೊಂಡು ಬಂದು ನನಗೆ ಒಪ್ಪಿಸುವವಳು, ಶುಕ್ರವಾರ ಮಾತ್ರ ತರಗತಿಯ ಹೊಸ್ತಿಲು ದಾಟಿದ್ದೇ ಕಿವುಡಿಯಾಗುತ್ತಿದ್ದಳು. ನಮ್ಮ ಕುರಸೌ ದ್ವೀಪದಲ್ಲಿ ಮನೆಮನೆಯಲ್ಲೂ ಆಡುವುದು ಪಪ್ಯಾಮೆಂತು. ಆ ಮಾತು ಅವತ್ತು ಅವಳಿಗೆ ಕೇಳಿಸುವುದಿಲ್ಲ. ಡಚ್ಚಿನ ಪದ ಹೇಳಿದರೆ ಮಕ್ಕಳಿಗೆ ತಿನ್ನಲು ಸಿಗುತ್ತದೆ. ಇಲ್ಲದಿದ್ದರೆ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು "ಕೇಳಿಸ್ಲಿಲ್ಲ" ಅನ್ನುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಅವಳು ಕಲಿಸುವುದು ಶಿಶುವರ್ಗಕ್ಕೆ, ಮಕ್ಕಳು ಅವಳನ್ನು ಕರೆಯುವುದು 'ಯುಫ್ರೌ', ಅಂದರೆ ಟೀಚರಮ್ಮ. ಮುಂದಿನ ವರ್ಷ ದೊಡ್ಡ ಶಾಲೆಗೆ ಹೋದರೆ ಅಲ್ಲಿ ಪಾಠವೆಲ್ಲ ಡಚ್ಚಿನಲ್ಲಿ. ಮನೆಯಲ್ಲಿ ಡಚ್ಚಿನ ಗಾಳಿಯೂ ಸೋಕದ ಮಕ್ಕಳು ಅಲ್ಲಿ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂರುತ್ತವೆ, ದಡ್ಡರು ಅನ್ನಿಸಿಕೊಳ್ಳುತ್ತವೆ. ನಾವು ಕಲಿಯುವಾಗ ಬಾಯಿ ತಪ್ಪಿ ನಮ್ಮ ಮಾತು ಬಂದರೆ ಅಂಗೈಗೆ ಅಡಿಕೋಲಿನ ಏಟು. "ನನ್ನ ಮಕ್ಕಳಿಗೆ ಏಟು ಬೇಡ ಅಕ್ಕಾ, ಬಾಯಿಗೆ ರುಚಿ ಕೊಟ್ಟು ಕಲಿಸ್ತೀನಿ," ಅಂದಳು ಲುಡ್ವಿನಾ. ರುಚಿ ಕೊಡುವವಳು ಅವಳಂತೆ, ಹೆಚ್ಚಿ ಕೊಡುವವಳು ನಾನಂತೆ. ಬೆಳಗಾಗೆದ್ದು ಪಸ್ತೇಚಿ ಕಡುಬು ಕರಿದು ರಸ್ತೆ ತಿರುವಿನಲ್ಲಿ ಮಾರುವ ಹೆಂಗಸು ನಾನು, ಮಿಂಗೇಲಾ, ಓಣಿಯ ಮಕ್ಕಳಿಗೆ 'ತಾಂತಾ', ಅಂದರೆ ಚಿಕ್ಕಮ್ಮ. ನನಗೆ ಬಿಡುವೆಲ್ಲಿ? ಆದರೂ ಗೊಣಗುತ್ತಲೇ ಸೌತೆಕಾಯಿ ಹೆಚ್ಚಿದೆ, ಮೊಟ್ಟೆ ಬೇಯಿಸಿದೆ, ಕಿತ್ತಳೆ ಸುಲಿದೆ. ತಂಗಿ ಕಣ್ಣರಳಿಸಿ ಕೇಳಿದರೆ ಇಲ್ಲ ಅನ್ನುವ ಶಕ್ತಿ ನನಗಿಲ್ಲ.

ಪಾಠ ಸೊಗಸಾಗಿತ್ತು, ಸುಳ್ಳೇಕೆ ಹೇಳಲಿ. ಮೊಟ್ಟೆಗೆ ಡಚ್ಚಿನಲ್ಲಿ 'ಅಯ್'. ಚಿವುಟಿಸಿಕೊಂಡವರ ಹಾಗೆ ಇಡೀ ತರಗತಿ ಅಯ್ ಅಯ್ ಎಂದು ಕೂಗಿ ಮೊಟ್ಟೆ ತಿನ್ನುತ್ತಿತ್ತು. ನಾವು ಬ್ರೆಡ್ಡಿಗೆ 'ಪಾನ್' ಅನ್ನುತ್ತೇವೆ. ಡಚ್ಚರಿಗೆ ಪಾನ್ ಅಂದರೆ ಒಲೆಯ ಮೇಲಿಡುವ ಪಾತ್ರೆ. ರೈಗೆನ್ ಎಂಬ ತುಂಟ ಬ್ರೆಡ್ಡು ನೋಡಿ "ಪಾನ್" ಅಂದದ್ದಕ್ಕೆ ಲುಡ್ವಿನಾ ಗಂಭೀರವಾಗಿ ಖಾಲಿ ಪಾತ್ರೆ ತಂದು ಅವನ ಕೈಗಿತ್ತು, "ತಗೋ, ಕಚ್ಚು," ಅಂದಳು. ಅವನು ಆ ಪದವನ್ನು ಇನ್ನು ಸಾಯುವತನಕ ಮರೆಯಲಾರ. ಹೀಗೆ ನಗಿಸಿ ನಗಿಸಿ ಆ ಮಕ್ಕಳ ಬಾಯಲ್ಲಿ ಒಂದು ಅಡುಗೆಮನೆಯನ್ನೇ ಕಟ್ಟಿಬಿಟ್ಟಿದ್ದಳು.

ಆ ಮಕ್ಕಳಲ್ಲಿ ತಿರ್ಸಾ ಒಬ್ಬಳೇ ಮಾತಿಗೆ ಹಿಂದು. ಐದು ವರ್ಷದ ಕೂಸು. ತಾಯಿ ಸಿಂಟ್ ಮಾರ್ಟೆನ್ ದ್ವೀಪದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಳೆ. ಮಗುವನ್ನು ಸಾಕುವವರು ಅಜ್ಜಿ, ವೇಲಾ ಮೆಚಿ. ನಮ್ಮ ಕಡೆ ಅಜ್ಜಿಗೆ ವೇಲಾ ಅನ್ನುತ್ತೇವೆ. ಇವರು ಓಣಿಗೆಲ್ಲ ವೇಲಾ. ಅವರ ಮನೆ ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಹಳದಿ ಗೋಡೆ, ಸುತ್ತ ಕಳ್ಳಿಯ ಬೇಲಿ. ಆ ಬೇಲಿಯ ಮುಂದೆ ಹಾಯ್ದುಹೋದವರನ್ನು ಕರೆದು ಒಂದು ತುತ್ತು ಫುಂಚಿಯನ್ನಾದರೂ ತಿನ್ನಿಸದೆ ಕಳಿಸಿದವರಲ್ಲ. ಫುಂಚಿ ಅಂದರೆ ಜೋಳದ ಮುದ್ದೆ, ಅವರು ಕೂಡಿಸಿದ್ದರಲ್ಲಿ ಒಂದು ಗಂಟು ಹುಡುಕಿದರೂ ಸಿಗುತ್ತಿರಲಿಲ್ಲ.

ಆ ಶುಕ್ರವಾರ ಚೀಸಿನ ಪಾಠ. ಡಚ್ಚಿನಲ್ಲಿ ಚೀಸಿಗೆ 'ಕಾಸ್'. ನಮ್ಮ ಮಾತಿನಲ್ಲಿ ಮನೆಗೆ 'ಕಸ್'. ಎಳೆದು ಹೇಳಿದರೆ ಚೀಸು, ಮೊಟಕಾಗಿ ಹೇಳಿದರೆ ಮನೆ. ಒಂದು ದೀರ್ಘದ ವ್ಯತ್ಯಾಸ. "ಇವತ್ತು ಮಜಾ ಇರುತ್ತೆ ನೋಡು, ಎಲ್ಲಾರೂ ಮನೆ ತಿಂತಾರೆ," ಎಂದು ನಗುತ್ತಾ, ನಾನು ಚೌಕ ಚೌಕ ಮಾಡಿಕೊಟ್ಟ ಹಳದಿ ಚೀಸಿನ ಡಬ್ಬಿ ಹಿಡಿದು ಲುಡ್ವಿನಾ ಹೊರಟಳು.

ಅವತ್ತು ಬೆಳಿಗ್ಗೆ ಹಳದಿ ಗೋಡೆಯ ಆ ಮನೆಯಲ್ಲಿ ಏನಾಗಿತ್ತೆಂದು ನಮಗೆ ತಿಳಿದದ್ದು ಆಮೇಲೆ. ತಿರ್ಸಾಳ ಜಡೆ ಹೆಣೆದು ಮುಗಿಸಿ ಏಳಲು ಹೋದ ವೇಲಾ ಮೆಚಿ ಅಡುಗೆಮನೆಯ ನೆಲಕ್ಕೆ ಕುಸಿದಿದ್ದರು. ಲಕ್ವ ಹೊಡೆದಿತ್ತು. ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಬೇಲಿಯಾಚೆ ಓಣಿಯ ಮಕ್ಕಳು ಶಾಲೆಗೆ ಬಾ ಎಂದು ಕೂಗಿದವು. ವೇಲಾ ಆಡುತ್ತಿದ್ದ ಒಂದು ಕೈಯನ್ನು ಬಾಗಿಲ ಕಡೆಗೆ ಬೀಸಿದರು. ಯಾರನ್ನಾದರೂ ಕರಿ ಅಂದರೋ, ಶಾಲೆಗೆ ಹೋಗು ಅಂದರೋ. ಮಗು ಶಾಲೆಗೆ ಹೋಯಿತು. ಹೇಳಿದ ಮಾತು ಕೇಳುವ ಮಗು ಅದು.

ಡಬ್ಬಿಯ ಚೀಸು ಸಾಲದೆ ಬಂದೀತೆಂದು ಇನ್ನೊಂದು ಡಬ್ಬಿ ಹಿಡಿದುಕೊಂಡು ನಾನೇ ತರಗತಿಗೆ ಹೋದೆ. ಆದ್ದರಿಂದ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ತಿರ್ಸಾ ಲುಡ್ವಿನಾಳ ಮುಂದೆ ನಿಂತಿದ್ದಳು. ಕೆನ್ನೆಯೆಲ್ಲ ಒದ್ದೆ.

"ಕಾ... ಸ್," ಅಂದಳು, ಬಿಕ್ಕುತ್ತಾ.

"ನೋಡಿ ಮಕ್ಕಳೇ, ತಿರ್ಸಾ ಎಷ್ಟು ಚೆನ್ನಾಗಿ ಹೇಳಿದ್ಳು. ಚಪ್ಪಾಳೆ ತಟ್ಟಿ," ಎಂದು ಲುಡ್ವಿನಾ ಅವಳ ಬಾಯಿಗೆ ಒಂದು ಚೌಕ ಇಟ್ಟಳು.

ಮಗು ನುಂಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಮತ್ತೆ, "ಕಾ... ಸ್." ಇನ್ನೊಂದು ಚೌಕ. ಇಡೀ ತರಗತಿ ಚಪ್ಪಾಳೆ. ಎಂದೂ ಬಾಯಿ ಬಿಡದ ಹುಡುಗಿ ಮೇಲಿಂದ ಮೇಲೆ ಡಚ್ಚಿನ ಪದ ಹೇಳುತ್ತಿದ್ದಾಳೆಂದು ನನ್ನ ತಂಗಿಯ ಮುಖದಲ್ಲಿ ಏನು ಬೆಳಕು! ನಾನು ಬಾಗಿಲಲ್ಲಿ ನಿಂತು, "ಚೀಸು ತಿಂದು ಅಳೋರನ್ನ ಇವತ್ತೇ ನೋಡಿದ್ದು ಕಣ್ರೇ," ಅಂದೆ. ಮಕ್ಕಳು ಹೋ ಎಂದು ನಕ್ಕವು. ಆಮೇಲೆ ತಿರ್ಸಾ ಹೇಳುವುದನ್ನು ನಿಲ್ಲಿಸಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಅಳುವ ಮಗು ಪದವನ್ನು ಎಳೆಯುತ್ತದೆ. ಇದು ಲುಡ್ವಿನಾಗೂ ಗೊತ್ತು, ನನಗೂ ಗೊತ್ತು, ಈ ದ್ವೀಪದಲ್ಲಿ ಹುಟ್ಟಿ ಅಮ್ಮನ ಸೆರಗು ಹಿಡಿದು "ಕಸ್, ಕಸ್" ಎಂದು ರಚ್ಚೆ ಹಿಡಿದ ಎಲ್ಲರಿಗೂ ಗೊತ್ತು. ಹಾಲೆಂಡಿನಿಂದ ಬಂದವರು ತಪ್ಪು ಕೇಳಿಸಿಕೊಂಡಿದ್ದರೆ ಒಂದು ಮಾತು. ನಾವು ಕೇಳಿಸಿಕೊಂಡೆವಲ್ಲ.

ಶಾಲೆ ಬಿಟ್ಟ ಮೇಲೆ ತಿರ್ಸಾ ಮನೆಗೆ ಹೋದಳು, ಅಲ್ಲಿಂದ ನಮ್ಮ ಮನೆಗೆ ಓಡಿ ಬಂದಳು. ನಾನು ಎಣ್ಣೆ ಇಳಿಸುತ್ತಿದ್ದೆ. "ತಾಂತಾ, ವೇಲಾ ಇನ್ನೂ ಎದ್ದಿಲ್ಲ," ಅಂದಳು. ಆ 'ಇನ್ನೂ' ಎಂಬ ಮಾತು ಕೇಳಿದ್ದೇ ಕೈಯ ಜಾಲರಿ ಸೌಟು ಬಿಸುಟು ಹಿಂದಿನ ಓಣಿಗೆ ಓಡಿದೆ.

ವೇಲಾ ಉಳಿದರು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ, ಯಾರನ್ನೂ ಬೈಯಲಿಲ್ಲ. "ಬೆಳಿಗ್ಗೆನೇ ಕರ್ಕೊಂಡು ಬಂದಿದ್ರೆ ಮಾತು ಉಳೀತಿತ್ತೇನೋ," ಎಂದಷ್ಟೇ ಹೇಳಿ ಬೇರೆ ರೋಗಿಯ ಕಡೆಗೆ ಹೋದರು. ಲುಡ್ವಿನಾ ಅಲ್ಲಿಯೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ಮನೆಗೆ ಬಂದ ಮೇಲೆ ನನ್ನ ಮುಂದೆ ಬಾಯಿ ಬಿಟ್ಟಳು. "ಮೊದಲ್ನೇ ಸಲ ಅವಳು ಪೂರ್ತಿ ಹೇಳಿದ್ಳು ಅಕ್ಕಾ. ಯುಫ್ರೌ, ನಾನು ಮನೆಗೆ ಹೋಗ್ಬೇಕು ಅಂತ. ನೀನು ಬರೋಕೆ ಮುಂಚೆ."

"ಹೂಂ. ಆಮೇಲೆ?"

"ನಂಗೆ ಕೇಳಿಸಿತ್ತು."

ನಾನು ಎದ್ದು ಬೀದಿಬಾಗಿಲು ಮುಚ್ಚಿ ಬಂದೆ.

"ಪುಟ್ಟ ಮಕ್ಕಳು ದಿನಾ ಮನೆಗೆ ಹೋಗ್ಬೇಕು ಅಂತಾವೆ. ಆಟ ಕೆಡುತ್ತೆ ಅನ್ನಿಸ್ತು. ಕಿವಿ ಹಿಂದೆ ಕೈ ಇಟ್ಕೊಂಡು ಕೇಳಿಸ್ಲಿಲ್ಲ ಅಂದೆ. ಅದಕ್ಕೇ ಅವಳು ಮಿಕ್ಕಿದ್ದೆಲ್ಲ ಬಿಟ್ಟು ಆ ಒಂದು ಪದ ಇಟ್ಕೊಂಡ್ಳು. ಅದನ್ನ ನಾನು ಚೀಸು ಮಾಡ್ಬಿಟ್ಟೆ."

"ನೀನೇನು ಆಯಮ್ಮನ್ನ ತಳ್ಳಿದ್ಯಾ? ಲಕ್ವ ನಿನ್ನ ಕೇಳಿ ಹೊಡೀತಾ?" ಎಂದು ಗದರಿದೆ. "ಇದನ್ನ ಇನ್ನೊಬ್ಬರ ಹತ್ರ ಬಾಯಿ ಬಿಟ್ಟೀಯ ಜೋಕೆ. ಶಾಲೇಲಿ ಗೊತ್ತಾದ್ರೆ ನಿನ್ನ ಗತಿಯೇನು?" ತಂಗಿಯನ್ನು ಉಳಿಸಿಕೊಳ್ಳಬೇಕಿತ್ತು ನನಗೆ, ಅಷ್ಟೇ. ಆದರೆ ಅವತ್ತು ಬಾಗಿಲಲ್ಲಿ ನಿಂತು ನಗಿಸಿದ ನನ್ನ ಮಾತನ್ನು ನಾನೂ ಮರೆತಿರಲಿಲ್ಲ.

ತಿರ್ಸಾಳ ತಾಯಿ ಓಡಿ ಬಂದಳು, ಅತ್ತಳು, ರಜೆ ಮುಗಿದು ಹೋದಳು. ಮಗು ನಮ್ಮ ಮನೆಯಲ್ಲಿ ಉಳಿಯಿತು. ವೇಲಾ ಮೆಚಿಯನ್ನು ಆಸ್ಪತ್ರೆಯಿಂದ ಊರಾಚೆಯ ಒಂದು ಆರೈಕೆ ಮನೆಗೆ ಸೇರಿಸಿದರು. "ವೇಲಾ ಮನೆಗೆ ಯಾವಾಗ ಬರ್ತಾರೆ?" ಎಂದು ತಿರ್ಸಾ ನನ್ನನ್ನು ಕೇಳುತ್ತಿದ್ದಳು. ಲುಡ್ವಿನಾಳನ್ನು ಏನೂ ಕೇಳುತ್ತಿರಲಿಲ್ಲ. ಅವಳು ಬಡಿಸಿದ್ದನ್ನು ತಿನ್ನುವಳು, ಅವಳು ತಲೆ ಬಾಚಿದರೆ ಸುಮ್ಮನೆ ಕೂರುವಳು. ಮಾತು ಮಾತ್ರ ಇಲ್ಲ. ಮುನಿಸಾಗಿದ್ದರೆ ಹೇಗೋ ರಮಿಸಬಹುದಿತ್ತು. ಅದು ಮುನಿಸಲ್ಲ. ಈ ಹೆಂಗಸಿಗೆ ಹೇಳಿ ಪ್ರಯೋಜನವಿಲ್ಲ ಎಂದು ಆ ಮಗು ತಿಳಿದುಕೊಂಡಿತ್ತು, ಅಷ್ಟೇ.

ಶುಕ್ರವಾರದ ಪಾಠ ನಿಂತುಹೋಯಿತು. ಕಿವುಡಿಯ ಆಟ ಆಡಿದ್ದವಳಿಗೆ ಈಗ ಎಲ್ಲವೂ ಕೇಳಿಸತೊಡಗಿತು. ಬೇಲಿಯಾಚೆ ಮೇಕೆ ಮರಿ ಅರಚಿದರೂ ಎದ್ದು ಹೋಗಿ ನೋಡಿ ಬರುವಳು. ನಾನು ಒಲೆಯ ಮುಂದೆ ನನ್ನಷ್ಟಕ್ಕೆ ಗೊಣಗಿದರೆ, "ಏನಂದೆ ಅಕ್ಕಾ?" ಎಂದು ಮೂರು ಸಲ ಕೇಳುವಳು. ಚೀಸು ಹಾಕಿದ ಪಸ್ತೇಚಿ ಕರಿದ ದಿನ ಮನೆಯೊಳಗೇ ಇರುತ್ತಿರಲಿಲ್ಲ. ಸಾಕಾಗಿ ಒಮ್ಮೆ, "ಹೀಗೇ ಕೊರಗಿದ್ರೆ ನಿನ್ನನ್ನೂ ಅದೇ ಆರೈಕೆ ಮನೆಗೆ ಹಾಕ್ಬೇಕಾಗುತ್ತೆ," ಅಂದೆ. "ಹಾಕು," ಅಂದಳು.

ಅಲ್ಲಿಗೆ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ತಿರ್ಸಾಳನ್ನು ನಾನೇ ಕರೆದೊಯ್ಯುತ್ತಿದ್ದೆ. ಆ ಹೊತ್ತಿಗೆ ವೇಲಾ ಮೆಚಿಗೆ ನಿದ್ದೆ ಬರಿಸುವ ಮದ್ದು ಕೊಟ್ಟಿರುತ್ತಿದ್ದರು. ಮಗು ಮಲಗಿದ ಅಜ್ಜಿಯ ಕೈ ಹಿಡಿದು ಕೂತು ಬರುತ್ತಿತ್ತು. ಒಂದು ಸಲ ರಜೆ ಸಿಕ್ಕಿತೆಂದು ವಾರದ ನಡುವೆ ಬೆಳಗಿನ ಹೊತ್ತಿಗೆ ಹೊರಟೆವು. ಲುಡ್ವಿನಾಳ ರಟ್ಟೆ ಹಿಡಿದು, "ಬಾ. ಎಷ್ಟು ದಿನ ಅಂತ ಬಚ್ಚಿಟ್ಕೋತೀಯ," ಎಂದು ಎಳೆದುಕೊಂಡು ಹೋದೆ.

ವೇಲಾ ಮೆಚಿ ದಿಂಬಿಗೆ ಒರಗಿ ಕೂತಿದ್ದರು. ಎಚ್ಚರವಾಗಿದ್ದರು. ತಿರ್ಸಾಳನ್ನು ಕಂಡು ಮುಖದ ಅರ್ಧ ನಕ್ಕಿತು. ಮಂಚದ ಪಕ್ಕದ ಮೇಜಿನ ಮೇಲೆ ಒಂದು ತಟ್ಟೆ ಇತ್ತು. ಅದರಲ್ಲಿ ಚೀಸಿನ ಬಿಲ್ಲೆಗಳು, ಅಂಚು ಒಣಗಿ ಸುರುಟಿಕೊಂಡವು. ಯಾರೂ ಮುಟ್ಟಿರಲಿಲ್ಲ. ಲುಡ್ವಿನಾಳ ಕಣ್ಣು ಅಲ್ಲಿಗೇ ಹೋಯಿತು.

ಹಾಲೆಂಡಿನಿಂದ ತರಬೇತಿಗೆ ಬಂದ ಒಬ್ಬ ಹುಡುಗಿ ಅಲ್ಲಿದ್ದಳು, ಫ್ಲೋರ್ ಅಂತ. ಬಿಸಿಲಿಗೆ ಮೂಗು ಸುಲಿದಿತ್ತು. ಒಳ್ಳೆಯ ಹುಡುಗಿ. ನಮ್ಮನ್ನು ನೋಡಿ ಖುಷಿಯಾಗಿ ತನ್ನ ಡಚ್ಚಿನಲ್ಲಿ, "ನಿಮ್ಮಜ್ಜಿಗೆ ಒಂದು ಪದ ಬಂದಿದೆ ಗೊತ್ತಾ? ನಾನೇ ಮೊದಲು ಕೇಳಿಸ್ಕೊಂಡಿದ್ದು," ಅಂದಳು. "ದಿನವಿಡೀ ಅದನ್ನೇ ಕೇಳ್ತಾರೆ. ತಂದು ಕೊಟ್ರೆ ಮಾತ್ರ ತಿನ್ನಲ್ಲ. ಬೇರೆ ಥರದ್ದು ಬೇಕೇನೋ. ನಾಳೆ ಹಳೇದು, ಖಾರ ಖಾರ ಇರುತ್ತಲ್ಲ, ಅದನ್ನ ತರ್ತೀನಿ."

ವೇಲಾ ಮೆಚಿ ಆಡುವ ಕೈಯಿಂದ ತಿರ್ಸಾಳ ಮಣಿಕಟ್ಟು ಹಿಡಿದರು. ತೊಡರುವ ನಾಲಿಗೆಯನ್ನು ಹೇಗೋ ಎತ್ತಿ, "ಕಾ... ಸ್," ಅಂದರು.

"ನೋಡಿದ್ರಾ?" ಎಂದು ಫ್ಲೋರ್ ತಟ್ಟೆ ಎತ್ತಿಕೊಂಡಳು.

ಲುಡ್ವಿನಾ ಕಲ್ಲಿನ ಹಾಗೆ ನಿಂತಿದ್ದಳು. ಆಗ ತಿರ್ಸಾ ತಟ್ಟೆಯನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದಳು. "ಅದಲ್ಲ," ಅಂದಳು ನಮ್ಮ ಮಾತಿನಲ್ಲಿ. ಫ್ಲೋರ್‌ಗೆ ತಿಳಿಯಲಿಲ್ಲ, ನಗುತ್ತಲೇ ಇದ್ದಳು. ತಿರ್ಸಾ ತಿರುಗಿ ಲುಡ್ವಿನಾಳ ಲಂಗ ಹಿಡಿದು ಜಗ್ಗಿದಳು. ಇಷ್ಟು ಕಾಲದಲ್ಲಿ ಮೊದಲ ಸಲ ಅವಳ ಜೊತೆ ಮಾತಾಡಿದಳು.

"ಯುಫ್ರೌ, ಮನೆಗೆ ಡಚ್ಚಲ್ಲಿ ಏನಂತಾರೆ?"

"ಹೈಸ್," ಅಂದಳು ಲುಡ್ವಿನಾ.

ತಿರ್ಸಾ ಫ್ಲೋರ್ ಕಡೆಗೆ ಮುಖ ಎತ್ತಿ ನಿಂತಳು. ವೇಲಾರನ್ನು ಬೆರಳಿನಿಂದ ತೋರಿಸಿದಳು. "ಹೈಸ್," ಅಂದಳು. ತಟ್ಟೆ ತೋರಿಸಿ ತಲೆಯಾಡಿಸಿದಳು. ಮತ್ತೆ ವೇಲಾರನ್ನು ತೋರಿಸಿ, ನಿಧಾನವಾಗಿ, ತಪ್ಪಿಲ್ಲದೆ, "ಹೈಸ್."

ಆ ಹುಡುಗಿಯ ಮುಖದ ನಗು ಇಳಿಯುವುದನ್ನು ನೋಡಲಾಗಲಿಲ್ಲ. "ಅಯ್ಯೋ ದೇವರೇ," ಅಂದಳು, "ದಿನಾ ದಿನಾ ಚೀಸು ತಂದುಕೊಟ್ಟೆನಲ್ಲ," ಎಂದು ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟು ಮಂಚದ ತುದಿಯಲ್ಲಿ ಕೂತಳು. ಲುಡ್ವಿನಾ ಅವಳ ಭುಜ ಮುಟ್ಟಿದಳು. "ನಿಂದೇನೂ ತಪ್ಪಿಲ್ಲಮ್ಮ. ನೀನು ಇಲ್ಲಿಯವಳಲ್ಲ. ನಾನು ಇಲ್ಲೇ ಹುಟ್ಟಿದವಳು."

ಆಮೇಲೆ ವೇಲಾ ಮೆಚಿಯ ಮುಂದೆ ಮೊಣಕಾಲೂರಿದಳು. ನಾನು ಅವಳ ಬೆನ್ನು ತಟ್ಟಿ ಬೇಡ ಎಂದು ಸನ್ನೆ ಮಾಡಿದೆ. ಕೇಳಲಿಲ್ಲ. ಎಲ್ಲ ಹೇಳಿದಳು. ಶುಕ್ರವಾರದ ಆಟ, ಕಿವಿಯ ಹಿಂದಿನ ಕೈ, ಮೊದಲ ಸಲ ಕೇಳಿಸಿದ್ದು, ಚೌಕ ಚೌಕ ಚೀಸು. "ನಿಮ್ಮ ಮೊಮ್ಮಗಳು ಹೇಳಿದ್ಳು ವೇಲಾ, ನಾನು ಕೇಳಿಸ್ಕೊಳ್ಳಲಿಲ್ಲ. ನಿಮ್ಮ ಮಾತು ನನ್ನಿಂದ ಹೋಯ್ತು."

ವೇಲಾ ಮೆಚಿ ಅವಳನ್ನೇ ನೋಡುತ್ತಿದ್ದರು. ಎಡಗೈ ಚಾಚಿ ತಟ್ಟೆಯಿಂದ ಒಣಗಿದ ಒಂದು ಬಿಲ್ಲೆ ತೆಗೆದರು. ಅದನ್ನು ಲುಡ್ವಿನಾಳ ಬಾಯಿಗೆ ತಂದು ಹಿಡಿದರು. ಬಂದವರನ್ನು ಬರಿ ಬಾಯಲ್ಲಿ ಕಳಿಸಬಾರದೆಂಬ ಹಳೆಯ ರೂಢಿಯೋ, ನೀನೂ ತಿಂದು ನೋಡು ಎಂದೋ, ನನಗೆ ಇವತ್ತಿಗೂ ಹೇಳಲು ಬಾರದು. ಲುಡ್ವಿನಾ ಬಾಯಿ ತೆರೆದಳು. ಅಳುತ್ತಲೇ ಅಗಿದಳು, ಅಳುತ್ತಲೇ ನುಂಗಿದಳು.

ಜೊತೆಗೆ ಯಾರಾದರೂ ಸದಾ ಇರುವುದಾದರೆ ಮನೆಗೆ ಕಳಿಸಬಹುದು ಎಂದರು ಅಲ್ಲಿಯ ಡಾಕ್ಟರು. "ನಾನಿರ್ತೀನಿ," ಅಂದಳು ಲುಡ್ವಿನಾ, ಡಾಕ್ಟರು ಮಾತು ಮುಗಿಸುವ ಮೊದಲೇ. ಶಾಲೆಗೆ ಹೋಗುವವಳು ಸದಾ ಹೇಗಿರುತ್ತೀಯೇ ಎಂದು ನಾನು ಕೇಳಲಿಲ್ಲ. ಅವಳು ಶಾಲೆಯಲ್ಲಿರುವ ಹೊತ್ತು ನನ್ನ ಪಾಲಿಗೆ ಬರುತ್ತದೆಂದು ಗೊತ್ತಿತ್ತು. ಈಗ ನಾನು ಪಸ್ತೇಚಿ ಕರಿಯುವುದು ವೇಲಾ ಮೆಚಿಯ ಅಡುಗೆಮನೆಯಲ್ಲಿ. ಮುದ್ದೆ ಕೂಡಿಸಿದರೆ ಒಂದು ಗಂಟು ಕಂಡರೂ ಆಯಮ್ಮ ಹುಬ್ಬು ಗಂಟಿಕ್ಕುತ್ತಾರೆ. ಮಾತು ಹೋದರೂ ಅತ್ತೆಯ ಗತ್ತು ಹೋಗಿಲ್ಲ.

ಶುಕ್ರವಾರದ ಪಾಠ ಮತ್ತೆ ಶುರುವಾಗಿದೆ, ಹಳದಿ ಗೋಡೆಯ ಮನೆಯ ಅಂಗಳದಲ್ಲಿ. ಟೀಚರು ತಿರ್ಸಾ. ಬುಟ್ಟಿಯಿಂದ ಒಂದೊಂದೇ ತೆಗೆದು ಅಜ್ಜಿಯ ಮುಂದೆ ಹಿಡಿಯುತ್ತಾಳೆ, ನಮ್ಮ ಮಾತಿನಲ್ಲಿ ಹೆಸರು ಹೇಳಿಸುತ್ತಾಳೆ. ಮೊಟ್ಟೆಗೆ 'ವೇಬು' ಅನ್ನಲು ವೇಲಾ ಮೆಚಿಗೆ ಬೆವರು ಕಿತ್ತುಬರುತ್ತದೆ. ಅರ್ಧ ಹೇಳಿದರೂ ಮೊಮ್ಮಗಳು ಪೂರ್ತಿ ಮೊಟ್ಟೆ ಕೊಡುತ್ತಾಳೆ. ಲುಡ್ವಿನಾ ಶಾಲೆಯಿಂದ ಬಂದವಳೇ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ವಿದ್ಯಾರ್ಥಿಯಂತೆ ಕೂರುತ್ತಾಳೆ.

ಕಳೆದ ವಾರ ಹೀಗೇ ಕೂತಿದ್ದಾಗ ತಿರ್ಸಾ ಬುಟ್ಟಿಯೊಳಗೆ ಕೈ ಹಾಕಿದವಳು ಹಾಗೇ ನಿಂತು ಕೇಳಿದಳು, "ಯುಫ್ರೌ, ಹೈಸ್ ಅನ್ನೋದನ್ನ ನೀವು ಮೊದ್ಲೇ ಯಾಕೆ ಹೇಳಿಕೊಡಲಿಲ್ಲ? ಸೌತೆಕಾಯಿ, ಕಿತ್ತಳೆ, ಎಲ್ಲಾ ಹೇಳಿಕೊಟ್ರಿ."

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ಅದು ಅಡುಗೆಮನೆಯ ಕಿಟಕಿಯಲ್ಲಿದ್ದ ನನಗೂ ಕೇಳಿಸಿತು. ನಾನು ಒಲೆ ಆರಿಸಿದೆ.

"ಅದು ತಿನ್ನೋದಲ್ಲ ಅಂತ, ಮಗಾ," ಅಂದಳು ಲುಡ್ವಿನಾ.

ತಿರ್ಸಾ ಸ್ವಲ್ಪ ಯೋಚಿಸಿದಳು. ಬುಟ್ಟಿಯಿಂದ ಬ್ರೆಡ್ಡು ತೆಗೆದು ಲುಡ್ವಿನಾಳ ಮುಂದೆ ಹಿಡಿದಳು. "ಇದೇನು, ಹೇಳಿ."

"ಬ್ರೋಟ್," ಅಂದಳು ಲುಡ್ವಿನಾ, ಅಭ್ಯಾಸಬಲದಿಂದ ಡಚ್ಚಿನಲ್ಲಿ.

ತಿರ್ಸಾ ಕಿವಿಯ ಹಿಂದೆ ಪುಟ್ಟ ಅಂಗೈ ಇಟ್ಟುಕೊಂಡಳು. "ಕೇಳಿಸ್ಲಿಲ್ಲ."

ನನ್ನ ತಂಗಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ವೇಲಾ ಮೆಚಿಯೂ ಕಣ್ಣು ಕೆಳಗೆ ಹಾಕಿದರು.

"ಪಾನ್," ಅಂದಳು ಲುಡ್ವಿನಾ.

ಆಗ ತಿರ್ಸಾ ಕೈ ಇಳಿಸಿ ಬ್ರೆಡ್ಡನ್ನು ಅವಳಿಗೆ ಕೊಟ್ಟಳು.